ಬೀಗದ ಊರಿನ ಪಕ್ಕದಲ್ಲಿ

ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ ಹೆಸರಾದ ಊರು. ಅದೇ ಜಿಲ್ಲೆಯ ನಿಲಕ್ಕೋಟೆಯಲ್ಲಿ ಹೆಂಗಸರಿಗೆಂದೇ ಒಂದು ಉಪ ಕಾರಾಗೃಹವಿದೆ. ಬಿಡುಗಡೆಯಾಗಿ ಹೊರಬಂದವಳಿಗೆ ಊರಿನ ಬಸ್ಸು ಸಿಗುತ್ತದೆ, ಮನೆ ಸಿಗುತ್ತದೋ ಇಲ್ಲವೋ ಹೇಳಲಾಗದು. ಗಂಡಸು ಜೈಲಿನಿಂದ ಬಂದರೆ ಹೆಂಡತಿ ಬಿಸಿನೀರು ಕಾಯಿಸುತ್ತಾಳೆ. ಹೆಂಗಸು ಬಂದರೆ ತವರಿನವರೂ ಹಿಂದೆಮುಂದೆ ನೋಡುತ್ತಾರೆ. ಅತ್ತ ಕಂಬಂ ಕಣಿವೆಯಲ್ಲಿ ಇಂದಿಗೂ ಕನ್ನಡ ಆಡುವ ಒಕ್ಕಲಿಗರ ಮನೆಗಳಿವೆ. ತಮಿಳಾಗಲಿ ಕನ್ನಡವಾಗಲಿ, ‘ನಾಲ್ಕು ಜನ ಏನಂದಾರು’ ಎಂಬ ಅಳುಕು ಒಂದೇ.

ಜೈಲಿನಿಂದ ಬಂದ ಇಂಥವಳು ಎಲ್ಲಿಗೆ ಹೋಗಬೇಕು ಎಂದು ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಡಾ. ಸೌಂದರಂ. ಟಿವಿಎಸ್ ಕಂಪನಿ ಕಟ್ಟಿದ ಸುಂದರಂ ಅಯ್ಯಂಗಾರರ ಮಗಳು. ಎಳೆಯ ಪ್ರಾಯದಲ್ಲಿ ಮದುವೆ. ಪ್ಲೇಗ್ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರ್ ಗಂಡ ಅದೇ ರೋಗಕ್ಕೆ ಬಲಿಯಾದರು. ವಿಧವೆ ಮೂಲೆ ಸೇರಬೇಕಿದ್ದ ಕಾಲದಲ್ಲಿ ಆಕೆ ದೆಹಲಿಗೆ ಹೋಗಿ 1936ರಲ್ಲಿ ಡಾಕ್ಟರಾದರು. 1940ರಲ್ಲಿ ಜಾತಿ ಮೀರಿ ಕೇರಳದ ಜಿ. ರಾಮಚಂದ್ರನ್ ಅವರನ್ನು ಮದುವೆಯಾದರು. ಮದುವೆ ನಡೆದದ್ದು ಸೇವಾಗ್ರಾಮದಲ್ಲಿ, ಗಾಂಧೀಜಿಯ ಎದುರು. ಎರಡನೆಯ ಬದುಕು ಎಂದರೇನೆಂದು ಆಕೆಗೆ ಪುಸ್ತಕ ಹೇಳಿಕೊಡಬೇಕಿರಲಿಲ್ಲ.

1947ರಲ್ಲಿ ದಂಪತಿ ಚಿನ್ನಾಳಪಟ್ಟಿಯ ಹತ್ತಿರ, ಸಿರುಮಲೈ ಬೆಟ್ಟದ ತಪ್ಪಲಲ್ಲಿ ಗಾಂಧಿಗ್ರಾಮ ಕಟ್ಟಿದರು. ಜೈಲಿನಿಂದ ಬಂದವರಿಗೆಂದು ಕಟ್ಟಿದ್ದಲ್ಲ ಅದು. ಆದರೆ ಅಂಥವಳಿಗೆ ಬೇಕಾದದ್ದೆಲ್ಲ ಅಲ್ಲಿ ಒಂದೇ ಅಂಗಳದಲ್ಲಿ ಬೆಳೆಯಿತು: ಕಸ್ತೂರಬಾ ಆಸ್ಪತ್ರೆ, ಮಕ್ಕಳಿಗೆ ಅವ್ವೈ ಆಶ್ರಮ, ಕೈಗೆ ಖಾದಿಯ ಕೆಲಸ, ಸಿದ್ಧ ಔಷಧ ತಯಾರಿಕೆ. ಮೊದಲು ತಂಗಲು ಜಾಗ, ಆಮೇಲೆ ಕಸುಬು, ತಿಂಗಳ ಕೊನೆಗೆ ಸ್ವಂತ ದುಡಿಮೆಯ ಕಾಸು. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೂ ಉತ್ತರವಿತ್ತು. ಇದು ಸಣ್ಣ ಮಾತಲ್ಲ. 2006ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಮಗು ತಾಯಿಯ ಜೊತೆ ಜೈಲಿನಲ್ಲಿರಬಹುದಾದದ್ದು ಆರು ವರ್ಷ ತುಂಬುವ ತನಕ ಮಾತ್ರ. ಆಮೇಲೆ ಅಗಲಿಕೆ, ಬಿಡುಗಡೆಯಾದವಳ ಮೊದಲ ಹುಡುಕಾಟ ಕೂಲಿಗಲ್ಲ, ಆ ಮಗುವಿಗೆ.

ಸರ್ಕಾರವೂ ಸುಮ್ಮನೆ ಕೂತಿಲ್ಲ. 2023ರ ಆಗಸ್ಟಿನಲ್ಲಿ ಚೆನ್ನೈನ ಪುಳಲ್‌ನಲ್ಲಿ ಮಹಿಳಾ ಕೈದಿಗಳೇ ನಡೆಸುವ ಪೆಟ್ರೋಲ್ ಬಂಕ್ ಶುರುವಾಯಿತು. ಸಮವಸ್ತ್ರ ತೊಟ್ಟು, ಪೈಪು ಹಿಡಿದು, ಚಿಲ್ಲರೆ ಎಣಿಸಿ ಕೊಡುವ ಹೆಂಗಸು ಅಪರಿಚಿತರ ಮುಖ ನೋಡಿ ಮಾತಾಡುವುದನ್ನು ಮತ್ತೆ ಕಲಿಯುತ್ತಾಳೆ. ಆದರೆ ಶಿಕ್ಷೆ ಮುಗಿದ ದಿನ ಆ ಸಮವಸ್ತ್ರ ಒಳಗೇ ಉಳಿಯುತ್ತದೆ.

ಸೌಂದರಂ 1984ರಲ್ಲಿ ತೀರಿಕೊಂಡರು. ನಿಲಕ್ಕೋಟೆಯ ಜೈಲು, ಅವರ ಗಾಂಧಿಗ್ರಾಮ ಎರಡೂ ಒಂದೇ ಜಿಲ್ಲೆಯಲ್ಲಿವೆ. ಈ ಬಾಗಿಲಿನಿಂದ ಆ ಬಾಗಿಲಿಗೆ ಕೈಹಿಡಿದು ಕರೆದೊಯ್ಯುವವರು ಬೇಕು. ನಿಮ್ಮೂರಿನಲ್ಲೂ ಅಂಥವಳೊಬ್ಬಳು ಕೆಲಸ ಕೇಳಿ ಬಂದಾಳು. ‘ಏನು ಮಾಡಿ ಒಳಗೆ ಹೋಗಿದ್ದೆ’ ಎನ್ನುವ ಮೊದಲು ‘ಏನು ಕೆಲಸ ಬರುತ್ತಮ್ಮಾ’ ಎಂದು ಕೇಳಿ.