ಇಂಗ್ಲೀಷಿನ ಜೋಡು ಕ್ರಿಯಾಪದಗಳು: ವಾಕ್ಯವನ್ನು ತಿರುಗಿಸಿ ಬರೆಯುವ ಅಭ್ಯಾಸ

ಬಹುಕಾಲ ಇಂಗ್ಲೀಷನ್ನು ವ್ಯಾಸಂಗಮಾಡಿ ಪದವಿಯನ್ನು ಪಡೆದವರು ಕೂಡ ಒಂದು ವಿಚಿತ್ರವಾದ ಕಷ್ಟಕ್ಕೆ ಸಿಕ್ಕುವುದುಂಟು. ‘ಎಕ್ಸ್‌ಟಿಂಗ್ವಿಷ್’, ‘ಪೋಸ್ಟ್‌ಪೋನ್’, ‘ಟಾಲರೇಟ್’ ಎಂಬ ಭಾರವಾದ ಪದಗಳು ಅವರ ಲೇಖನಿಯ ತುದಿಯಲ್ಲಿಯೇ ಇರುತ್ತವೆ; ‘ಪುಟ್ ಔಟ್’, ‘ಪುಟ್ ಆಫ್’, ‘ಪುಟ್ ಅಪ್ ವಿತ್’ ಎಂಬ ಹಗುರವಾದ ಮಾತುಗಳು ಬಂದೊಡನೆ ತಡವರಿಸುತ್ತಾರೆ. ಇಂಗ್ಲೆಂಡಿನ ಮಗುವಿನ ಸ್ಥಿತಿ ಇದಕ್ಕೆ ತೀರ ವಿಪರೀತ. ದೀಪವನ್ನು ‘ಪುಟ್ ಔಟ್’ ಮಾಡುವುದು ಅದಕ್ಕೆ ತೊದಲುನುಡಿಯ ಕಾಲದಲ್ಲಿಯೇ ತಿಳಿದ ಮಾತು. ‘ಎಕ್ಸ್‌ಟಿಂಗ್ವಿಷ್’ ಎಂಬುದು ಪಾಠಶಾಲೆಗೆ ಸೇರಿದ ಎಷ್ಟೋ ವರ್ಷಗಳ ಮೇಲೆ ಕಿವಿಗೆ ಬೀಳತಕ್ಕದ್ದು. ನಾವಾದರೋ ಮನೆಯನ್ನು ಮಾಳಿಗೆಯಿಂದ ಪ್ರವೇಶಿಸಿದವರು. ಬೀದಿಯ ಬಾಗಿಲು ಎಲ್ಲಿದೆಯೆಂದು ಆಮೇಲೆ ಹುಡುಕುತ್ತೇವೆ.

ಇದು ಬರಿಯ ಸೊಗಸಿನ ಪ್ರಶ್ನೆಯಲ್ಲ. ವೃತ್ತಪತ್ರಿಕೆಯಲ್ಲಿ ಮುಷ್ಕರವನ್ನು ‘ಕಾಲ್ಡ್ ಆಫ್’ ಎಂದಿದ್ದರೆ ಅದನ್ನು ಕೈಬಿಟ್ಟರೆಂದರ್ಥ. ಸೈನ್ಯವನ್ನು ‘ಕಾಲ್ಡ್ ಔಟ್’ ಎಂದಿದ್ದರೆ ಗಲಭೆಯನ್ನಡಗಿಸಲು ಕರೆಯಿಸಿದರೆಂದರ್ಥ. ತರುಣರನ್ನು ‘ಕಾಲ್ಡ್ ಅಪ್’ ಎಂದಿದ್ದರೆ ಅವರು ಸೈನ್ಯಕ್ಕೆ ಸೇರಬೇಕೆಂದು ಆಜ್ಞೆಯಾಯಿತೆಂದರ್ಥ. ಕ್ರಿಯಾಪದ ಮೂರರಲ್ಲಿಯೂ ಒಂದೇ. ಅದರ ಬಾಲವನ್ನು ಲಕ್ಷಿಸದೆ ಓದಿದವನಿಗೆ ಶಾಂತಿಯ ಸುದ್ದಿಯೂ ಯುದ್ಧದ ಸುದ್ದಿಯೂ ಒಂದೇ ಆದೀತು. ಉದ್ಯೋಗಕ್ಕೆ ಅರ್ಜಿ ಹಾಕಿದ ತರುಣನನ್ನು ‘ಟೇಕನ್ ಆನ್’ ಎಂದರೆ ಅವನಿಗೆ ಕೆಲಸ ಸಿಕ್ಕಿತು. ‘ಟೇಕನ್ ಇನ್’ ಎಂದರೆ ಪಾಪ, ಅವನು ಮೋಸಹೋದ!

ಈ ತೊಡಕನ್ನು ಇಂಗ್ಲೀಷರೇ ಬಹಳ ಹಿಂದೆ ಕಂಡುಕೊಂಡಿದ್ದರು. ಡಾಕ್ಟರ್ ಜಾನ್ಸನ್ನನು ೧೭೫೫ರಲ್ಲಿ ಪ್ರಕಟಿಸಿದ ತನ್ನ ನಿಘಂಟಿನ ಮುನ್ನುಡಿಯಲ್ಲಿ, ಕ್ರಿಯಾಪದಕ್ಕೆ ಅವ್ಯಯವನ್ನು ಜೋಡಿಸಿ ಅರ್ಥವನ್ನು ಮಾರ್ಪಡಿಸುವ ಪದ್ಧತಿಯೇ ಪರದೇಶೀಯರಿಗೆ ಅತ್ಯಂತ ಕಷ್ಟಕರವಾದುದೆಂದು ಒಪ್ಪಿಕೊಂಡು, ಹಲವು ಉದಾಹರಣೆಗಳನ್ನು ಕೊಟ್ಟಿದ್ದಾನೆ. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ರೂಢಿಗೆ ಬಂದದ್ದು ಮಾತ್ರ ೧೯೨೫ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ತನು ಬರೆದ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಎಂಬ ಗ್ರಂಥದಿಂದ. ಹೆಸರನ್ನು ಸೂಚಿಸಿದಾತನು ಆಕ್ಸ್‌ಫರ್ಡ್ ಮಹಾನಿಘಂಟಿನ ಸಂಪಾದಕರಲ್ಲೊಬ್ಬನಾದ ಹೆನ್ರಿ ಬ್ರಾಡ್ಲಿ. ೧೯೩೦ರಲ್ಲಿ ಸಿ. ಕೆ. ಆಗ್ಡೆನ್ನನು ೮೫೦ ಪದಗಳ ‘ಬೇಸಿಕ್ ಇಂಗ್ಲಿಷ್’ ಎಂಬ ಸರಳ ಭಾಷೆಯನ್ನು ರಚಿಸಿದಾಗ ಅದರಲ್ಲಿ ಕ್ರಿಯಾಪದಗಳನ್ನು ಬೆರಳೆಣಿಕೆಗೆ ಇಳಿಸಿ, ಉಳಿದ ಕೆಲಸವನ್ನೆಲ್ಲ ‘ಪುಟ್’, ‘ಗೆಟ್’, ‘ಟೇಕ್’ ಮುಂತಾದುವುಗಳಿಗೆ ಅವ್ಯಯಗಳನ್ನು ಸೇರಿಸಿ ಸಾಗಿಸಿದನು. ಪದಗಳ ಸಂಖ್ಯೆ ಕಡಮೆಯಾಯಿತು, ನಿಜ; ಆದರೆ ಕಲಿಯತಕ್ಕವನ ಶ್ರಮ ಕಡಮೆಯಾಯಿತೆಂದು ನನಗೆ ತೋರುವುದಿಲ್ಲ. ‘ಪುಟ್’ ಎಂಬುದನ್ನೂ ‘ಅಪ್’ ಎಂಬುದನ್ನೂ ‘ವಿತ್’ ಎಂಬುದನ್ನೂ ಬೇರೆಬೇರೆಯಾಗಿ ಬಲ್ಲವನಿಗೆ ಮೂರೂ ಕೂಡಿದಾಗ ‘ಸಹಿಸಿಕೊಳ್ಳು’ ಎಂಬ ಅರ್ಥ ಹೇಗೆ ಹೊಳೆಯಬೇಕು?

ಸಂಸ್ಕೃತವನ್ನು ಸ್ವಲ್ಪ ಬಲ್ಲವರಿಗೆ ಇದು ತೀರ ಹೊಸದಲ್ಲ. ಒಂದೇ ಧಾತುವಿನಿಂದ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರಗಳು ಹುಟ್ಟುವುದನ್ನು ನಾವು ಬಾಲ್ಯದಲ್ಲಿಯೇ ಕಲಿತಿದ್ದೇವೆ. ಕನ್ನಡದಲ್ಲಿಯೂ ‘ಹೇಳಿಕೊಟ್ಟನು’ ಎಂಬುದಕ್ಕೂ ‘ಹೇಳಿಕೊಂಡನು’ ಎಂಬುದಕ್ಕೂ ಇರುವ ಅಂತರವನ್ನು ಯಾರೂ ವಿವರಿಸಬೇಕಾಗಿಲ್ಲ. ವ್ಯತ್ಯಾಸವೇನೆಂದರೆ, ಸಂಸ್ಕೃತದ ಉಪಸರ್ಗವು ಧಾತುವಿಗೆ ಮುಂಚೆ ಅಂಟಿಕೊಂಡು ನಿಲ್ಲುತ್ತದೆ; ಇಂಗ್ಲೀಷಿನ ಅವ್ಯಯವು ಕ್ರಿಯಾಪದವಾದ ಮೇಲೆ ಬರುತ್ತದೆ, ಮತ್ತು ಸಮಯ ಬಂದರೆ ಕಳಚಿಕೊಂಡು ದೂರ ಹೋಗಿ ಕುಳಿತುಕೊಳ್ಳುತ್ತದೆ.

ಇವನ್ನು ಪಟ್ಟಿಮಾಡಿ ಉರುಹೊಡೆಯುವುದು ವ್ಯರ್ಥಶ್ರಮ. ವಾಕ್ಯವನ್ನು ತಿರುಗಿಸಿ ಬರೆಯುವುದೇ ಉತ್ತಮವಾದ ಮಾರ್ಗ. ಒಂದು ವಾಕ್ಯವನ್ನು ತೆಗೆದುಕೊಂಡು, ಅದರ ಭಾರವಾದ ಕ್ರಿಯಾಪದವನ್ನು ತೆಗೆದು ಜೋಡು ಕ್ರಿಯಾಪದವನ್ನಿಟ್ಟು, ಅರ್ಥ ಕೆಡದಂತೆ ಪುನಃ ಬರೆಯುವುದು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ‘ಬಿ೨ ಫಸ್ಟ್’ ಎಂಬ ಇಂಗ್ಲೀಷ್ ಪರೀಕ್ಷೆಯಲ್ಲಿ ಈ ಬಗೆಯ ಪ್ರಶ್ನೆಗಳುಂಟು: ಒಂದು ಪದವನ್ನು ಕೊಟ್ಟು, ಅದರ ರೂಪವನ್ನು ಬದಲಾಯಿಸದೆ, ಅದೂ ಸೇರಿ ಎರಡರಿಂದ ಐದು ಪದಗಳೊಳಗಾಗಿ ವಾಕ್ಯವನ್ನು ಪೂರ್ತಿಮಾಡಬೇಕು.

ಆದರೆ ಈ ಅಭ್ಯಾಸವನ್ನು ಒಂದು ಪದವನ್ನು ಕಿತ್ತು ಇನ್ನೊಂದನ್ನು ನೆಡುವ ಕೆಲಸವೆಂದು ಭಾವಿಸಿದರೆ ಅದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಮನೆಯಲ್ಲಿ ಸಕ್ಕರೆ ಮುಗಿದುಹೋಗಿದೆ. ಕನ್ನಡದಲ್ಲಿ ಸಕ್ಕರೆಯೇ ಕರ್ತೃ. ‘ದಿ ಷುಗರ್ ಈಸ್ ಎಕ್ಸಾಸ್ಟೆಡ್’ ಎಂದು ನಮ್ಮವರು ಬರೆಯುತ್ತಾರೆ. ‘ರನ್ ಔಟ್’ ಎಂಬುದನ್ನು ಉಪಯೋಗಿಸಿ ತಿರುಗಿಸಿರೆಂದರೆ ‘ದಿ ಷುಗರ್ ಹ್ಯಾಸ್ ರನ್ ಔಟ್’ ಎನ್ನಬಹುದು, ತಪ್ಪಿಲ್ಲ. ಆದರೆ ಇಂಗ್ಲೀಷರ ಬಾಯಲ್ಲಿ ಹೆಚ್ಚಾಗಿ ಬರುವುದು ‘ವಿ ಹ್ಯಾವ್ ರನ್ ಔಟ್ ಆಫ್ ಷುಗರ್’ ಎಂಬುದು. ಇಲ್ಲಿ ಕರ್ತೃಸ್ಥಾನಕ್ಕೆ ನಾವೇ ಬಂದೆವು. ಸಕ್ಕರೆ ಕೊನೆಗೆ ಸರಿಯಿತು. ‘ಆಫ್’ ಎಂಬುದೊಂದು ಹೊಸದಾಗಿ ಸೇರಿತು. ಮಾತು ಬದಲಾದಾಗ ವಾಕ್ಯದ ಕಟ್ಟಡವೇ ಬದಲಾಗುತ್ತದೆ; ಪಟ್ಟಿ ಇದನ್ನು ಕಲಿಸಲಾರದು.

ತಿರುಗಿಸಿ ಬರೆದುದನ್ನು ಮತ್ತೊಮ್ಮೆ ಹಿಂದಕ್ಕೆ ತಿರುಗಿಸಿ ನೋಡುವುದೂ ಅವಶ್ಯಕ. ಹುಡುಗನು ತಾತನನ್ನು ಹೋಲುತ್ತಾನೆ: ‘ರಿಸೆಂಬಲ್ಸ್’ ಎಂಬುದಕ್ಕೆ ‘ಟೇಕ್ಸ್ ಆಫ್ಟರ್’ ಎಂದು ಧಾರಾಳವಾಗಿ ಬರೆಯಬಹುದು. ಹಾಗೆಂದು ಈ ಮನೆ ಆ ಮನೆಯನ್ನು ಹೋಲುತ್ತದೆ ಎಂಬಲ್ಲಿಯೂ ‘ಟೇಕ್ಸ್ ಆಫ್ಟರ್’ ಎಂದು ಬರೆದರೆ ಆ ಮನೆ ಈ ಮನೆಯನ್ನು ಹೆತ್ತಂತಾಗುತ್ತದೆ. ಆ ಮಾತು ಹಿರಿಯರಿಂದ ಕಿರಿಯರಿಗೆ ಬಂದ ಹೋಲಿಕೆಗೆ ಮಾತ್ರ ಮೀಸಲು. ಬೆಂಕಿಯನ್ನು ‘ಪುಟ್ ಔಟ್’ ಮಾಡಬಹುದು, ಆಸೆಯನ್ನು ಹಾಗೆ ಮಾಡಲಾಗದು. ಒಂದು ಜಾತಿಯ ಪಕ್ಷಿಗಳು ‘ಡೈ ಔಟ್’ ಆಗಬಹುದು. ಪಕ್ಕದ ಮನೆಯ ಯಜಮಾನರು ಹಾಗಾಗುವಂತಿಲ್ಲ. ಎಲ್ಲಿ ತಿರುಗಿಸಲು ಬರುವುದಿಲ್ಲವೋ ಅಲ್ಲಿಯೇ ಪದದ ಎಲ್ಲೆ ತಿಳಿಯುತ್ತದೆ. ಆದಕಾರಣ ತಪ್ಪಿದ ವಾಕ್ಯವನ್ನು ಹೊಡೆದುಹಾಕದೆ ಪುಸ್ತಕದಲ್ಲಿ ಉಳಿಸಿಕೊಳ್ಳಬೇಕೆಂದು ನನ್ನ ಸಲಹೆ.

ಇನ್ನು ಅವ್ಯಯದ ಸ್ಥಾನ. ಸಭೆಯನ್ನು ಮುಂದಕ್ಕೆ ಹಾಕಿದರೆಂಬುದನ್ನು ‘ದೆ ಪುಟ್ ಆಫ್ ದಿ ಮೀಟಿಂಗ್’ ಎಂದೂ ‘ದೆ ಪುಟ್ ದಿ ಮೀಟಿಂಗ್ ಆಫ್’ ಎಂದೂ ಹೇಳಬಹುದು. ‘ಮೀಟಿಂಗ್’ ಎಂಬ ನಾಮಪದವನ್ನು ತೆಗೆದು ‘ಇಟ್’ ಎಂಬ ಸರ್ವನಾಮವನ್ನಿಟ್ಟರೆ ‘ಪುಟ್ ಇಟ್ ಆಫ್’ ಎಂಬುದೊಂದೇ ಸಾಧು. ಆದರೆ ‘ಲುಕ್ ಆಫ್ಟರ್’ ಎಂಬುದರಲ್ಲಿ ಸರ್ವನಾಮವು ನಡುವೆ ನುಗ್ಗಲಾರದು. ‘ಲುಕ್ ಆಫ್ಟರ್ ಹರ್’ ಎಂದೇ ಹೇಳಬೇಕು. ‘ಹೀ ರ್‍ಯಾನ್ ಅಪ್ ಎ ಹಿಲ್’ ಎಂದರೆ ಗುಡ್ಡವನ್ನು ಓಡಿ ಹತ್ತಿದನು. ‘ಹೀ ರ್‍ಯಾನ್ ಅಪ್ ಎ ಬಿಲ್’ ಎಂದರೆ ಅಂಗಡಿಯಲ್ಲಿ ಬಾಕಿ ಬೆಳೆಸಿದನು. ಬಿಲ್ಲನ್ನು ನಡುವೆ ತಂದು ‘ರ್‍ಯಾನ್ ಎ ಬಿಲ್ ಅಪ್’ ಎನ್ನಬಹುದು, ಗುಡ್ಡವನ್ನು ಹಾಗೆ ಕದಲಿಸಲಾಗದು. ಕಿವಿಗೊಟ್ಟು ಕೇಳುವವರಿಗೆ ಮತ್ತೊಂದು ಗುರುತುಂಟು: ‘ಪುಟ್ ಇಟ್ ಆಫ್’ ಎನ್ನುವಾಗ ಇಂಗ್ಲೀಷರು ಒತ್ತಿ ಹೇಳುವುದು ‘ಆಫ್’ ಎಂಬುದನ್ನು, ‘ಲುಕ್ ಆಫ್ಟರ್ ಹರ್’ ಎನ್ನುವಾಗ ‘ಲುಕ್’ ಎಂಬುದನ್ನು. ಆದ್ದರಿಂದ ಬರೆದ ವಾಕ್ಯವನ್ನು ಗಟ್ಟಿಯಾಗಿ ಓದಿಕೊಳ್ಳುವುದು ಮೇಲು.

ನಮ್ಮ ದೇಶದಲ್ಲಿಯೇ ಬೆಳೆದ ಕೆಲವು ಜೋಡುಗಳ ವಿಷಯ ಹೇಳದಿದ್ದರೆ ಲೋಪವಾದೀತು. ಕಚೇರಿಗಳಲ್ಲಿ ಕಡತವನ್ನು ಮೇಲಧಿಕಾರಿಗಳಿಗೆ ‘ಪುಟ್ ಅಪ್’ ಮಾಡುವುದು ಭಾರತೀಯರ ಸ್ವಂತ ಆಸ್ತಿ. ನಮ್ಮೊಳಗೆ ಅದಕ್ಕೆ ಏನೂ ಕುಂದಿಲ್ಲ. ಇಂಗ್ಲೆಂಡಿನವರಿಗೆ ಮಾತ್ರ ‘ಪುಟ್ ಅಪ್’ ಎಂದರೆ ಅತಿಥಿಗೆ ರಾತ್ರಿ ತಂಗಲು ಇಂಬುಕೊಡುವುದೋ, ಗೋಡೆ ಎಬ್ಬಿಸುವುದೋ ನೆನಪಾಗುತ್ತದೆ. ಇಂತಹ ವರ್ಷ ಕಾಲೇಜಿನಿಂದ ‘ಪಾಸ್ಡ್ ಔಟ್’ ಆದೆನೆಂದು ವಿದೇಶದ ಸಂಸ್ಥೆಗೆ ಅರ್ಜಿ ಬರೆಯುವವರು ಸ್ವಲ್ಪ ಎಚ್ಚರಿಕೆಯಿಂದಿರಬೇಕು. ಸೈನಿಕ ಶಾಲೆಗಳ ಮಾತನ್ನು ಬಿಟ್ಟರೆ, ಮೂರ್ಛೆ ಹೋದೆನೆಂದು ಅಲ್ಲಿಯವರು ತಿಳಿಯುವ ಸಂಭವವುಂಟು. ‘ಕೋಪ್ ಅಪ್ ವಿತ್’ ಎಂಬುದಂತೂ ‘ಕೋಪ್ ವಿತ್’ ಮತ್ತು ‘ಕೀಪ್ ಅಪ್ ವಿತ್’ ಇವೆರಡರ ಬೆರಕೆ. ಅದನ್ನು ಬಿಟ್ಟುಬಿಡುವುದೇ ಕ್ಷೇಮ.

ಶ್ರೋತೃಗಳು ಮನೆಯಲ್ಲಿ ಮಾಡಿ ನೋಡಬಹುದಾದ ಎರಡು ವಾಕ್ಯಗಳನ್ನು ಕೊಟ್ಟು ಮುಗಿಸುತ್ತೇನೆ. ‘ದಿ ಎನಿಮಿ ಸರೆಂಡರ್ಡ್’ ಎಂಬುದೊಂದು. ‘ದಿ ಎನಿಮಿ ಸರೆಂಡರ್ಡ್ ದಿ ಫೋರ್ಟ್’ ಎಂಬುದಿನ್ನೊಂದು. ಶತ್ರು ಸೋಲೊಪ್ಪಿದನೆಂದು ಮೊದಲನೆಯದು, ಕೋಟೆಯನ್ನು ಒಪ್ಪಿಸಿದನೆಂದು ಎರಡನೆಯದು. ಎರಡನ್ನೂ ‘ಗೇವ್’ ಎಂಬುದರಿಂದಲೇ ತಿರುಗಿಸಬೇಕು. ಮೊದಲನೆಯದಕ್ಕೆ ‘ಇನ್’ ಸಾಕು. ಎರಡನೆಯದರಲ್ಲಿ ಕೋಟೆಯೆಂಬ ಕರ್ಮಪದವಿರುವುದರಿಂದ ‘ಇನ್’ ಸಲ್ಲದು, ‘ಅಪ್’ ಬೇಕು. ಬರೆದಾದ ಮೇಲೆ ಕೋಟೆಗೆ ಬದಲಾಗಿ ‘ಇಟ್’ ಎಂದಿಟ್ಟು, ಅದು ‘ಅಪ್’ಗೆ ಮುಂಚೆ ಬರತಕ್ಕದ್ದೋ ಆಮೇಲೆ ಬರತಕ್ಕದ್ದೋ ಎಂಬುದನ್ನು ತಾವೇ ನಿಶ್ಚಯಿಸಿಕೊಳ್ಳಬಹುದು.