ಪಾದರಸದ ಕೋಶವೂ ಕ್ಯಾಮರಾದ ಮುಳ್ಳೂ

ಫಿಲ್ಮು ಹಾಕಿ ಚಿತ್ರ ತೆಗೆಯುವ ಹವ್ಯಾಸವು ಈಚೆಗೆ ಮತ್ತೆ ತಲೆಯೆತ್ತಿದೆ. ತಾತನ ಪೆಟ್ಟಿಗೆಯಿಂದ ಕ್ಯಾಮರಾವನ್ನು ಹೊರತೆಗೆದು, ಅಂಗಡಿಯಲ್ಲಿ ದೊರೆತ ಬಟನ್ ಬ್ಯಾಟರಿಯೊಂದನ್ನು ಅದರ ತಳದಲ್ಲಿಟ್ಟು, ಒಳಗಣ ಮುಳ್ಳು ಅಲುಗಿದುದನ್ನು ಕಂಡು ಹಿಗ್ಗುವ ತರುಣರು ನಮ್ಮ ಕಾಡುಗೋಡಿಯಲ್ಲಿಯೂ ಉಂಟು. ಆದರೆ ಫಿಲ್ಮು ತೊಳೆದು ಬಂದಾಗ ಮೂವತ್ತಾರು ಚಿತ್ರಗಳೂ ಮಂಕು! ದೂರು ತೊಳೆದವನ ಮೇಲೆ ಬೀಳುತ್ತದೆ. ಇಲ್ಲವೆ ಕ್ಯಾಮರಾ ಕೆಟ್ಟಿತೆಂದು ಮರಳಿ ಪೆಟ್ಟಿಗೆ ಸೇರುತ್ತದೆ. ಬಹುಮಟ್ಟಿಗೆ ಇವೆರಡೂ ಅನ್ಯಾಯವೇ. ತಪ್ಪಿರುವುದು ಬ್ಯಾಟರಿಯ ವೋಲ್ಟಿನಲ್ಲಿ.

ಮಿನೋಲ್ಟಾ ಎಸ್‌ಆರ್‌ಟಿ-101 (1966), ಕ್ಯಾನನ್ ಎಫ್‌ಟಿಬಿ (1971) ಮೊದಲಾದ ಕ್ಯಾಮರಾಗಳಲ್ಲಿ ಬೆಳಕನ್ನು ಅಳೆಯುವುದು ಕ್ಯಾಡ್ಮಿಯಂ ಸಲ್ಫೈಡಿನ ಒಂದು ಚಿಕ್ಕ ಬಿಲ್ಲೆ. ಬೆಳಕು ಹೆಚ್ಚಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ, ಪ್ರವಾಹ ಏರುತ್ತದೆ, ಮುಳ್ಳು ಸರಿಯುತ್ತದೆ. ಪ್ರವಾಹವು ರೋಧವನ್ನು ಮಾತ್ರವಲ್ಲ, ವೋಲ್ಟನ್ನೂ ಅವಲಂಬಿಸಿದೆ ಎಂಬುದನ್ನು ಓಮನ ನಿಯಮ ಬಲ್ಲ ವಾಚಕರಿಗೆ ಹೇಳಬೇಕಾಗಿಲ್ಲ. ತಯಾರಕರು 1.35 ವೋಲ್ಟಿಗೆ ಸರಿಹೊಂದಿಸಿದ ಮುಳ್ಳಿಗೆ ನಾವು 1.55 ವೋಲ್ಟು ಉಣಿಸಿದರೆ, ಅದೇ ಬೆಳಕಿನಲ್ಲಿ ಪ್ರವಾಹ ಸುಮಾರು ಶೇಕಡ 15ರಷ್ಟು ಹೆಚ್ಚುತ್ತದೆ. ಬೆಳಕು ಧಾರಾಳವಾಗಿದೆ ಎಂದು ಮುಳ್ಳು ಸಾರುತ್ತದೆ. ಅದನ್ನು ನಂಬಿ ನಾವು ಮಸೂರದ ಕಿಂಡಿಯನ್ನು ಕಿರಿದುಮಾಡುತ್ತೇವೆ. ಫಿಲ್ಮಿಗೆ ಬೆಳಕು ಸಾಲದೆಹೋಗುತ್ತದೆ.

1.35 ಎಂಬ ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಅದು ಪಾದರಸದ ಕೋಶದ ಗುಣ. ಸತುವು ಹಾಗೂ ಪಾದರಸದ ಆಕ್ಸೈಡು ಸೇರಿದ ಈ ಕೋಶವನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್ ರೂಪಿಸಿದನು. ಹೊಸತಾಗಿದ್ದಾಗ ಎಷ್ಟೋ, ಮುಗಿಯುವ ಮುನ್ನಾದಿನವೂ ಹೆಚ್ಚುಕಡಿಮೆ ಅಷ್ಟೇ ವೋಲ್ಟು! ಅಳತೆಗೆ ಇದಕ್ಕಿಂತ ಒಳ್ಳೆಯ ಆಧಾರವುಂಟೆ? ಆದರೆ ಪಾದರಸ ವಿಷ. ಅಮೆರಿಕದಲ್ಲಿ 1996ರ ಕಾನೂನು ಈ ಕೋಶಗಳ ಮಾರಾಟವನ್ನು ತಡೆಯಿತು. ಪಾದರಸದ ಬಳಕೆಯನ್ನೇ ತಗ್ಗಿಸುವ 2013ರ ಮಿನಮಾಟಾ ಒಪ್ಪಂದಕ್ಕೆ ಭಾರತವೂ 2018ರಲ್ಲಿ ಸೇರಿತು. ಕೋಶ ಹೋದುದಕ್ಕೆ ನಾವು ಮರುಗಬೇಕಾಗಿಲ್ಲ.

ಬದಲಿಗೆ ಏನು? ಆಲ್ಕಲೈನ್ ಬ್ಯಾಟರಿ ಅಗ್ಗವೇನೋ ಹೌದು, ಆದರೆ 1.5ರಿಂದ ಹೊರಟು ದಿನದಿಂದ ದಿನಕ್ಕೆ ಇಳಿಯುವ ಅದರ ತಪ್ಪನ್ನು ಲೆಕ್ಕಹಾಕುವುದೇ ಕಷ್ಟ. ನಮ್ಮ ಮಟ್ಟಿಗೆ ಅದು ಬೇಡ. ಬೆಳ್ಳಿಯ ಆಕ್ಸೈಡಿನ ಬ್ಯಾಟರಿ 1.55ರಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಹೆಚ್ಚಾದ 0.2 ವೋಲ್ಟನ್ನು ಒಂದು ಷಾಟ್ಕಿ ಡಯೋಡು ನುಂಗುವಂತೆ ಮಾಡಿದ ಹೊಂದಾಣಿಕೆಯ ಬಿಲ್ಲೆಗಳೂ ಸಿಗುತ್ತವೆ. ಕಿವಿಯಂತ್ರಕ್ಕೆ ಹಾಕುವ ಸತು-ಗಾಳಿ ಕೋಶ ಸುಮಾರು 1.4 ವೋಲ್ಟಿನದು, ಬಲು ಹತ್ತಿರ. 675ನೆಯ ಸಂಖ್ಯೆಯದು ಹಳೆಯ 625ಕ್ಕಿಂತ ಕಿರಿದಾದ್ದರಿಂದ ಸುತ್ತ ರಬ್ಬರಿನ ಬಳೆಯೊಂದು ಬೇಕು, ಆದರೆ ಗಾಳಿಯ ತೂತುಗಳು ಮುಚ್ಚಬಾರದು. ಮೇಲಿನ ಅಂಟುಪಟ್ಟಿ ಕಿತ್ತ ಮೇಲೆ, ಬಳಸಿದರೂ ಬಳಸದಿದ್ದರೂ ಅದರ ಆಯುಸ್ಸು ಕೆಲವೇ ವಾರಗಳು ಅಥವಾ ತಿಂಗಳುಗಳು.

ಎಲ್ಲ ಕ್ಯಾಮರಾಗಳಿಗೂ ಈ ಕಾಟವಿಲ್ಲ. 1964ರ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್‌ನಲ್ಲಿರುವುದು ನಮ್ಮ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಬೈಯುತ್ತಲೇ ಕಲಿಯುವ ವ್ಹೀಟ್‌ಸ್ಟನ್ ಸೇತುವೆಯ ತತ್ತ್ವ. ಎರಡು ಕಡೆಯೂ ಸಮತೂಗಿದಾಗ ಮುಳ್ಳು ನಡುವೆ ನಿಲ್ಲುತ್ತದೆ. ವೋಲ್ಟು ತುಸು ಏರಿದರೂ ಸಮತೋಲ ಕೆಡದು.

ತಮ್ಮ ಕ್ಯಾಮರಾ ಯಾವ ಬಗೆಯದೆಂದು ತಿಳಿಯದವರು ಫಿಲ್ಮಿಗೆ ಹಣ ಸುರಿಯುವ ಮೊದಲು ಹೀಗೆ ಪರೀಕ್ಷಿಸಬಹುದು. ಮೋಡವಿಲ್ಲದ ನಡುಹಗಲಿನಲ್ಲಿ ವೇಗಸಂಖ್ಯೆ 100, ಷಟರು 1/125 ಸೆಕೆಂಡು ಇಟ್ಟು, ಬಿಸಿಲು ಬಿದ್ದ ಹಸಿರು ಹುಲ್ಲನ್ನು ನೋಡಬೇಕು. ಕಾಡುಗೋಡಿಯ ಮೆಟ್ರೋ ಕಂಬಗಳತ್ತ ತಿರುಗಿಸಬೇಡಿ, ಬಿಸಿಲಿನಲ್ಲಿ ಕಾಂಕ್ರೀಟು ಹುಲ್ಲಿಗಿಂತ ಬೆಳ್ಳಗೆ ತೋರುತ್ತದೆ. ಮುಳ್ಳು ಕಿಂಡಿಯ ಸಂಖ್ಯೆ 16ರ ಆಸುಪಾಸಿನಲ್ಲಿ ಒಪ್ಪಿದರೆ ಸರಿ. 22 ಕೇಳಿದರೆ ಸಂಶಯಪಡಬೇಕು. ಆಗ ವೇಗಸಂಖ್ಯೆಯನ್ನು 50ಕ್ಕೆ ಇಳಿಸಿ ಸರಿದೂಗಿಸುವವರುಂಟು. ಆದರೆ ಬಿಸಿಲಿನ ತಪ್ಪೂ ನೆರಳಿನ ತಪ್ಪೂ ಒಂದೇ ಪ್ರಮಾಣದ್ದಾಗಿರಬೇಕೆಂದಿಲ್ಲ; ಮರದಡಿಗೆ ಹೋಗಿ, ಮೊಬೈಲಿನ ಬೆಳಕುಮಾಪಕದೊಡನೆ ಇನ್ನೊಮ್ಮೆ ತಾಳೆನೋಡಿದ ಬಳಿಕವೇ ಆ ತಿದ್ದುಪಡಿಯನ್ನು ನಂಬತಕ್ಕದ್ದು.