ಗುಡ್ಡೆ ಬಾಡು: ತಕ್ಕಡಿಯಿಲ್ಲದ ನ್ಯಾಯ

ಯುಗಾದಿಯ ದಿನ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಬೇವುಬೆಲ್ಲ, ಹೋಳಿಗೆಯ ಊಟ. ಮರುದಿನ ಹೊಸತೊಡಕು. ವರ್ಷತೊಡಕು ಎಂದೂ ಕರೆಯುವ ಈ ದಿನ ಮಾಡಿದ್ದು ವರ್ಷವಿಡೀ ಮುಂದುವರಿಯುತ್ತದೆ ಎಂಬ ನಂಬಿಕೆಯಿದೆ. ಅಂದು ಬಾಡೂಟ ಉಂಡರೆ ವರ್ಷವೆಲ್ಲ ಉಂಡಂತೆ. ಮಂಡ್ಯ, ರಾಮನಗರ, ಮೈಸೂರು ಭಾಗದ ಹಳ್ಳಿಗಳ ಅನೇಕ ಮನೆಗಳಿಗೆ ಈ ಊಟದ ಮಾಂಸ ಬರುವುದು ಅಂಗಡಿಯಿಂದಲ್ಲ, ‘ಗುಡ್ಡೆ’ಯಿಂದ.

ಇದರ ಲೆಕ್ಕ ಸರಳ. ಕೇರಿಯವರು ಹಣ ಕೂಡಿಸಿ, ಊರಲ್ಲೇ ಸಾಕಿದ ಅಥವಾ ಸಂತೆಯಿಂದ ತಂದ ಕುರಿ, ಮೇಕೆಗಳನ್ನು ಕೊಳ್ಳುತ್ತಾರೆ. ಒಮ್ಮೆಗೇ ಹಣ ಹೊಂದಿಸಲಾಗದವರಿಗೆ ಚೀಟಿ ಇದೆ. ತಿಂಗಳಿಗಿಷ್ಟು ಎಂದು ಕಟ್ಟುತ್ತ ಬಂದರೆ ಹಬ್ಬಕ್ಕೆ ಪಾಲು ಸಿಗುತ್ತದೆ. 4 ಕುರಿಗೆ 40,000 ರೂಪಾಯಿ ಕೊಟ್ಟು 40 ಗುಡ್ಡೆ ಹಾಕಿದರು ಎನ್ನೋಣ. ಗುಡ್ಡೆಗೆ 1,000 ರೂಪಾಯಿ ಬೀಳುತ್ತದೆ. ಚರ್ಮ, ತಲೆ, ಕಾಲುಗಳನ್ನು ಬೇರೆ ಮಾರಿದ್ದರೆ ಆ ಹಣ ಕಳೆದು ಉಳಿದದ್ದನ್ನು ಹಂಚಬೇಕು.

ಹೊಸತೊಡಕಿನ ನಸುಕಿನಲ್ಲೇ ಕೆಲಸ ಶುರು. ಕುರಿ ಕೊಯ್ದು, ಸುಲಿದು, ತುಂಡು ಮಾಡಿ, ಹಾಸಿದ ಎಲೆ ಅಥವಾ ಟಾರ್ಪಾಲಿನ ಮೇಲೆ ಸಾಲಾಗಿ ಗುಡ್ಡೆ ಹಾಕುತ್ತಾರೆ. ತೊಡೆಯ ಮಾಂಸ, ಎಲುಬು, ಈಲಿ, ಕೊಬ್ಬು, ಬೋಟಿ ಎಲ್ಲವೂ ಪ್ರತಿ ಗುಡ್ಡೆಗೂ ಸೇರಬೇಕು. ಒಂದು ದಪ್ಪ ಕಂಡರೆ ಅದರಿಂದ ತೆಗೆದು ಪಕ್ಕದ್ದಕ್ಕೆ ಹಾಕುತ್ತಾರೆ. ಸುತ್ತ ನಿಂತವರ ಕಣ್ಣೇ ಇಲ್ಲಿ ತಕ್ಕಡಿ. ತಕ್ಕಡಿ ತೂಕವನ್ನಷ್ಟೇ ಹೇಳುತ್ತದೆ. ಯಾರಿಗೆ ಬರೀ ಎಲುಬು ಹೋಯಿತು ಎಂಬುದನ್ನು ಈ ಕಣ್ಣುಗಳು ಹೇಳುತ್ತವೆ.

ಸಾಕುವವನಿಗೂ ಇದು ಹೊಂದುವ ಕಾಲ. ರಾಗಿ ಕೊಯ್ಲು ಮುಗಿದ ಹೊಲಗಳ ಕೂಳೆಯಲ್ಲಿ ಕುರಿ ಮೇದಿರುತ್ತವೆ. ಬೇಸಿಗೆ ಬಲಿತಂತೆ ಮೇವು ಕಡಿಮೆ. ಏಪ್ರಿಲ್ ನಡುವೆ ಅಶ್ವಿನಿ ಮಳೆಯ ನಕ್ಷತ್ರ ಹುಟ್ಟುವ ಹೊತ್ತಿಗೆ ಉಳುಮೆಗೆ, ಬೀಜಕ್ಕೆ ದುಡ್ಡು ಬೇಕು. ಹಿತ್ತಲಲ್ಲಿ ಎರಡು ಮೂರು ಕುರಿ ಕಟ್ಟಿಕೊಂಡ ಸಣ್ಣ ರೈತನಿಗೆ ದಲ್ಲಾಳಿಯ ಹಂಗಿಲ್ಲದೆ ಇಡೀ ಕುರಿಗೆ ನಗದು ಕೈಸೇರುತ್ತದೆ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ, ಗಿಡ್ಡ ಕಾಲಿನ, ತುಂಬಿದ ಮೈಯ ಕುರಿಯಾದರಂತೂ ಬೆಲೆ ಇನ್ನೂ ಹೆಚ್ಚು. ಕೊಳ್ಳುವವರು ಅದು ಮರಿಯಾಗಿದ್ದಾಗಿನಿಂದ ನೋಡಿದವರು. ರೋಗದ ಕುರಿಯನ್ನು ದಾಟಿಸುವುದು ಸುಲಭವಲ್ಲ.

ಆದರೆ ಇದೆಲ್ಲ ನಿಂತಿರುವುದು ನಂಬಿಕೆಯ ಮೇಲೆ. ಚೀಟಿ ಹಿಡಿದವನು ಕೈಯೆತ್ತಿದರೆ ವರ್ಷವಿಡೀ ಕಟ್ಟಿದವರ ಹಬ್ಬ ಕೆಡುತ್ತದೆ. ರಸೀದಿಯೂ ಇರದ ವ್ಯವಹಾರದಲ್ಲಿ ಕೇಳಲು ದಾಖಲೆಯಿಲ್ಲ. ಇನ್ನೊಂದು ಮಿತಿಯೂ ಉಂಟು. ಗುಡ್ಡೆಗಳು ಸಾಮಾನ್ಯವಾಗಿ ಕೇರಿಯೊಳಗೆ, ಪರಿಚಯದವರೊಳಗೆ ಬೀಳುತ್ತವೆ. ಗುಡ್ಡೆಯೊಳಗಿನ ಸಮಾನತೆ ಕೇರಿಯ ಗಡಿ ದಾಟುವುದು ಎಲ್ಲ ಊರಿನಲ್ಲೂ ಸುಲಭವಲ್ಲ.

ಆದರೂ ಆ ಗಡಿಯೊಳಗೆ ಅದರ ನಿಯಮ ಕಟ್ಟುನಿಟ್ಟು. ಎಕರೆಗಟ್ಟಲೆ ಗದ್ದೆಯವನು ಎರಡು ಪಾಲು ಬೇಕೆಂದರೆ ಎರಡಕ್ಕೂ ದುಡ್ಡು ಕಟ್ಟಬೇಕು; ಆದರೆ ಒಂದು ಪಾಲಿನ ದುಡ್ಡಿಗೆ ಅವನಿಗೂ ಕೂಲಿಯವನಿಗೂ ಸಿಗುವುದು ಒಂದೇ ಅಳತೆಯ ಗುಡ್ಡೆ, ಅದರಲ್ಲಿ ಒಂದೇ ಅಳತೆಯ ಈಲಿ.